ಕೊಕ್ಕನೂರಿನಲ್ಲಿ ಹಾಲಿಗೆ ಏನೆನ್ನುತ್ತಾರೆ

೧೯೬೩ರಲ್ಲಿ ನಾನು ದಾವಣಗೆರೆಯ ಒಂದು ಆಡುನುಡಿ ನಿಘಂಟು ಯೋಜನೆಯಲ್ಲಿ ಕ್ಷೇತ್ರ ಸಹಾಯಕನಾಗಿದ್ದೆ. ಹಳ್ಳಿಗಳಿಗೆ ಹೋಗಿ, ಜನ ಯಾವ ವಸ್ತುವಿಗೆ ಯಾವ ಮಾತು ಬಳಸುತ್ತಾರೆಂದು ಕೇಳಿ ಬರೆದುಕೊಳ್ಳುವುದು ಕೆಲಸ. ಹಾಗೆ ಮಾತು ಹೇಳಿಕೊಡುವವರನ್ನು ‘ಇನ್‌ಫಾರ್ಮೆಂಟ್’ ಎನ್ನುತ್ತಿದ್ದೆವು. ಸಂಪಾದಕರು ಮೈಸೂರು ಕಡೆಯವರು, ದೊಡ್ಡ ವಿದ್ವಾಂಸರೆಂದು ಹೆಸರು. ಅರ್ಥದ ಬಗ್ಗೆ ಅವರದು ಒಂದೇ ಸೂತ್ರ: ವಸ್ತು ತೋರಿಸು, ಹೆಸರು ಕೇಳು, ಆ ವಸ್ತುವೇ ಆ ಪದದ ಅರ್ಥ.

ಕೊಕ್ಕನೂರಿಗೆ ಅವರೇ ಬಂದರು. ಹರಿಹರದಿಂದ ಮಲೆಬೆನ್ನೂರು ಬಸ್ಸು, ಆಮೇಲೆ ನಡಿಗೆ. ಅಲ್ಲಿ ಗಂಗಮ್ಮ ಎಂಬ ಹೆಣ್ಣುಮಗಳು ನಮಗೆ ಇನ್‌ಫಾರ್ಮೆಂಟ್ ಆಗಿ ಸಿಕ್ಕರು. ಆಕೆಯ ಗಂಡ ಜ್ವರ ಬಿಡದೆ ಒಳಗೆ ಮಲಗಿದ್ದ. ಆದರೂ ಪಾಪ, ಒನಕೆ, ಮೊರ, ಗಡಿಗೆ, ಕೇಳಿದ್ದಕ್ಕೆಲ್ಲ ಪಟಪಟನೆ ಹೆಸರು ಹೇಳಿದರು. ಒಲೆಯ ಮೇಲಿದ್ದ ಹಾಲನ್ನು ತೋರಿಸಿದಾಗ ಮಾತ್ರ ಕೊಂಚ ತಡೆದರು.

“ಬಿಳೇದು ಅಂತೀನ್ರಿ.”

ಸಂಪಾದಕರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಹಾಲು ಎಂಬ ಪದ ಹುಟ್ಟುವುದಕ್ಕೂ ಮುಂಚಿನ ಪದ ಈ ಊರಲ್ಲಿ ಉಳಿದುಕೊಂಡಿದೆ ಎಂದು ಅಂಗಳದಲ್ಲೇ ಭಾಷಣ ಶುರುಮಾಡಿದರು. ಪಕ್ಕದ ಮನೆಯ ಅಜ್ಜಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ನಾನು ಹತ್ತಿರ ಹೋಗಿ ಯಾಕೆಂದು ಕೇಳಿದೆ.

“ಅಕಿ ಗಂಡನ ಹೆಸ್ರು ಹಾಲಪ್ಪ ಅಲ್ಲೇನಪ್ಪಾ. ಅದನ್ನ ಹೆಂಗೆ ಬಾಯಾಗ ತರ್ತಾಳೆ? ಗಂಡನ ಆಯುಷ್ಯ ಕಮ್ಮಿ ಆಗ್ತೈತಿ. ನಾವೆಲ್ಲಾ ಹಾಲು ಅಂತೀವಿ ತಗಾ.”

ಇಷ್ಟೇ ವಿಷಯ. ಬಸ್ಸಿನಲ್ಲಿ ಸಂಪಾದಕರಿಗೆ ಹೇಳಿದೆ. ನಕ್ಕು ಪದವನ್ನು ಹೊಡೆದುಹಾಕುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಹುಳ್ಳಗಾಯಿತು. ಅಷ್ಟರಲ್ಲೇ ಆ ಪದದ ಮೇಲೆ ಒಂದು ಪ್ರಬಂಧ ಓದುವುದೆಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡುಬಿಟ್ಟಿದ್ದರು.

“ಅಜ್ಜಿ ಮಾತು ಪ್ರಮಾಣವೇನಯ್ಯ? ಆ ಹೆಂಗಸು ಹಾಲು ಅಂತ ಅನ್ನೋದೇ ಇಲ್ಲವೋ, ಅನ್ನಬಲ್ಲಳೋ, ಪರೀಕ್ಷೆ ಮಾಡೋಣ. ಅಂದುಬಿಟ್ಟರೆ ಗಂಡನ ಹೆಸರಿನ ಮಾತು ಸುಳ್ಳು, ಬಿಳೇದು ನಿಜವಾದ ಪದ.”

ಮುಂದಿನ ವಾರ ಟೇಪ್ ರೆಕಾರ್ಡರ್ ಹೊತ್ತುಕೊಂಡು ಮತ್ತೆ ಹೋದೆವು. ಹಾಲಪ್ಪ ಇನ್ನಷ್ಟು ಸೊರಗಿದ್ದ. ಆ ಮನೆಯಲ್ಲಿ ಯಾರಿಗೂ ನಮ್ಮ ನಿಘಂಟು ಬೇಕಿರಲಿಲ್ಲ. ಆತ ಬದುಕಿದರೆ ಸಾಕಾಗಿತ್ತು. ಸಂಪಾದಕ ಎನ್ನಿಸಿಕೊಂಡ ಈ ಮನುಷ್ಯ ಗಂಗಮ್ಮನ ಮುಂದೆ ಮೈಕ್ ಹಿಡಿದು, ನೆರೆದ ಜನರೆದುರು, “ಹಾಲು ಅನ್ನಮ್ಮ, ಒಂದು ಸಲ ಅನ್ನು” ಎಂದು ಪೀಡಿಸತೊಡಗಿದ. ಇಲ್ಲಿಂದ ಮುಂದೆ ಅವನನ್ನು ‘ಅವರು’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಗಂಗಮ್ಮ ತಲೆ ತಗ್ಗಿಸಿ ನಿಂತರು. ಇದು ಸರ್ಕಾರದ ಕೆಲಸ, ಹೇಳದಿದ್ದರೆ ತಪ್ಪಾಗುತ್ತದೆ ಎಂದು ಹೆದರಿಸಿದ.

“ಬಿಡಿ ಸಾರ್, ಬೇಡ,” ಎಂದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಕೊನೆಗೆ ಒಳಗಿಂದ ಹಾಲಪ್ಪನೇ ಕೂಗಿದ. “ಅನ್ನಲೇ, ನಂಗೇನ್ ಆಗಲ್ಲ. ಅಂದು ಕಳ್ಸು ಇವ್ರನ್ನ.”

ಗಂಗಮ್ಮ ಅಂದರು. ಉಸಿರಿಗಿಂತ ಸ್ವಲ್ಪ ದೊಡ್ಡ ದನಿ, ಅಷ್ಟೇ. ಅಂದವರೇ ಒಳಗೆ ಓಡಿ ಮಂಚದ ಕಾಲಿನ ಬಳಿ ಕುಸಿದು ಗಂಡನ ಪಾದ ಹಿಡಿದುಕೊಂಡು ಅತ್ತರು. ಹೊರಗೆ ಆ ವಿದ್ವಾಂಸ ಸ್ಪೂಲು ಹಿಂದಕ್ಕೆ ತಿರುಗಿಸಿ, ಆ ಒಂದು ಪದವನ್ನು ಎಲ್ಲರಿಗೂ ಮತ್ತೆ ಕೇಳಿಸಿ, “ಅಲ್ಲಿಗೆ ಎರಡೂ ಪದ ಬಳಕೆಯಲ್ಲಿವೆ ಅಂತಾಯಿತು. ಎರಡನ್ನೂ ಹಾಕೋಣ,” ಎಂದ.

ಹೊರಡುವಾಗ ಗಂಗಮ್ಮ ಬಾಗಿಲಿಗೆ ಬಂದು ನನ್ನನ್ನು ಕೇಳಿದರು, “ನಿಮ್ಮ ಮನ್ಯಾಗ ಹೆಣ್ಮಕ್ಳು ಇಲ್ಲೇನ್ರಿ?”

ಸಂಜೆ ಟೇಪ್ ರೆಕಾರ್ಡರ್ ಇಡಲು ದಾವಣಗೆರೆಯಲ್ಲಿದ್ದ ಸಂಪಾದಕನ ಮನೆಗೆ ಹೋದೆ. ಬಾಗಿಲು ತೆರೆದ ಅವನ ಹೆಂಡತಿ ಒಳಗೆ ತಿರುಗಿ, “ರೀ, ನಿಮ್ಮ ಆಫೀಸಿನವರು ಬಂದಿದ್ದಾರೆ,” ಎಂದರು. ನನಗೆ, “ಕೂತ್ಕೊಳ್ಳಿ, ಇವರು ಬರ್ತಾರೆ,” ಎಂದರು. ರೀ, ಇವರು, ಗಂಡನ ಹೆಸರಿಲ್ಲ. ಅವನು ಬಂದು ಕೂತ. ನಾನು ಮೇಜಿನ ಮೇಲೆ ಯಂತ್ರ ಇಟ್ಟು, ಮೈಕನ್ನು ಅವನ ಕಡೆ ನೂಕಿದೆ.

“ಸಾರ್, ಅಮ್ಮನವರ ಬಾಯಲ್ಲಿ ನಿಮ್ಮ ಹೆಸರು ಒಂದು ಸಲ ಹೇಳಿಸಿ. ರೆಕಾರ್ಡ್ ಮಾಡಿಕೊಳ್ಳೋಣ.”

ಆಕೆ ಗಾಬರಿಯಿಂದ ಅಡುಗೆಮನೆಗೆ ಸರಿದರು. ಅವನ ಮುಖ ಕೆಂಪೇರಿತು.

“ಅಧಿಕಪ್ರಸಂಗ ಮಾಡಬೇಡ. ಮನೆ ಹೆಂಗಸರ ವಿಷಯ ಬೇರೆ.”

ಅಂದರೆ ಅವನಿಗೆ ಎಲ್ಲವೂ ಗೊತ್ತಿತ್ತು. ಥೂ ಎನಿಸಿತು, ಮರುದಿನವೇ ಕೆಲಸ ಬಿಟ್ಟೆ.

ಮುಂದೆ ಬೇರೆ ಕಡೆ ನಿಘಂಟಿನ ಕೆಲಸದಲ್ಲೇ ಕೂದಲು ನರೆಯಿತು. ಪದವನ್ನು ಯಾರು ಅನ್ನಬಹುದು, ಯಾರು ಅನ್ನಬಾರದು, ಅಂದುಬಿಟ್ಟರೆ ಯಾರ ಎದೆ ಒಡೆಯುತ್ತದೆ ಎನ್ನುವುದೂ ಅದರ ಅರ್ಥದೊಳಗೇ ಸೇರಿದೆ ಎಂದು ಜೊತೆಯವರಿಗೆ ಹೇಳುತ್ತಾ ಬಂದಿದ್ದೇನೆ. ಆ ದಾವಣಗೆರೆಯ ನಿಘಂಟು ಅಚ್ಚಾಗಿ ಬಂದಾಗ ತೆರೆದು ನೋಡಿದೆ: ‘ಬಿಳೇದು: ಹಾಲು. ಕೊಕ್ಕನೂರು.’ ಆ ಊರಿನಲ್ಲಿ ಹಾಗೆ ಅನ್ನುತ್ತಿದ್ದವರು ಒಬ್ಬರೇ. ಅವರ ಬಾಯಲ್ಲೂ ನಾವು ‘ಹಾಲು’ ಅನ್ನಿಸಿ, ಆ ಬಾಯಿಯನ್ನು ಕೆಡಿಸಿ ಬಂದಿದ್ದೆವು.