ನನ್ನ ಹೆಸರಿನ ಫೈಲು

ಮಣಿಪಾಲದ ಆ ಕ್ಲಿನಿಕ್ಕಿನ ಕೌಂಟರಿನಲ್ಲಿ ಹುಡುಗಿ ಹೆಸರು ಕೇಳಿದಾಗ, ತಂಗಿ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. ಹೇಳಿದ್ದು ನನ್ನ ಹೆಸರು. ವಯಸ್ಸು ಕೇಳಿದಳು, ಅದೂ ನನ್ನದೇ ಹೇಳಿದೆ, ನಲವತ್ತೆರಡು. ಚಿಕಿತ್ಸೆ ಬೇಕಾಗಿದ್ದದ್ದು ತಂಗಿಗೆ. ಅವಳಿಗೆ ಮೂವತ್ತೊಂಬತ್ತು. ಹುಡುಗಿ ಒಂದು ಹಳದಿ ಫೈಲಿನ ಮೇಲೆ ಅಷ್ಟನ್ನು ಬರೆದು, ಕುಳಿತುಕೊಳ್ಳಿ ಎಂದಳು. ತಂಗಿ ನನ್ನ ಮುಖ ನೋಡಿದಳು.

ನಾನು ಮಾಡಿದ ತಪ್ಪು ಇದು. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನಾನು, ಬರೆದು ಅಭ್ಯಾಸವಿಲ್ಲ. ಆದರೆ ಬಾಯಲ್ಲಿ ಹೇಳಿದರೆ ಅಲ್ಲಲ್ಲಿ ಹಾರಿಸಿಬಿಡುತ್ತೇನೆ ಎಂದು ಗೊತ್ತಿರುವುದರಿಂದ ಬರೆಯುತ್ತಿದ್ದೇನೆ.

ನಮ್ಮ ಮನೆ ಕಾಪುವಿನಲ್ಲಿ, ಕಡಲಿಗೆ ಹತ್ತಿರ. ನಾನು ಮೀನು ಮಾರುತ್ತೇನೆ. ಬೆಳಿಗ್ಗೆ ಮಲ್ಪೆಯ ಬಂದರಿನಲ್ಲಿ ಮೀನು ಖರೀದಿಸಿ, ಏಳು ಜನ ಹೆಂಗಸರು ಸೇರಿ ಒಂದು ಟೆಂಪೋ ಮಾಡಿಕೊಂಡು ಕಾರ್ಕಳದ ಮಾರುಕಟ್ಟೆಗೆ ಹೋಗುತ್ತೇವೆ. ನನ್ನ ತಾಯಿ ಕೂತು ಮಾರುತ್ತಿದ್ದ ಜಾಗದಲ್ಲೇ ಈಗ ನಾನು ಕೂರುವುದು. ಗಂಡ ಕಡಲಿಗೆ ಹೋದವರು ಹಿಂದೆ ಬರಲಿಲ್ಲ. ಆಗ ಮಗಳಿಗೆ ಆರು ವರ್ಷ. ಅಂದಿನಿಂದ ಮನೆಯಲ್ಲಿ ನಾವು ಮೂವರೇ: ನಾನು, ಮಗಳು, ಮದುವೆಯಾಗದ ತಂಗಿ.

ತಂಗಿ ಮೊದಲು ನನ್ನ ಜೊತೆ ಮಾರುಕಟ್ಟೆಗೆ ಬರುತ್ತಿದ್ದಳು. ಹತ್ತು ವರ್ಷಗಳ ಹಿಂದೆ ಒಂದು ದಿನ, ನಾಳೆಯಿಂದ ನಾನು ಬರುವುದಿಲ್ಲ ಎಂದಳು. ಗಿರಾಕಿಗಳು ತನ್ನನ್ನೇ ನೋಡಿ ಏನೋ ಮಾತಾಡಿಕೊಳ್ಳುತ್ತಾರೆ, ಕೈ ನಡುಗುತ್ತದೆ ಎಂದಳು. ನಾನು ಸೋಮಾರಿತನ ಎಂದುಕೊಂಡೆ. ಆಮೇಲೆ ಒಂದೊಂದಾಗಿ ಬಿಡುತ್ತ ಬಂದಳು. ಮದುವೆಮನೆಗೆ ಹೋಗುವುದು ಬಿಟ್ಟಳು, ಅಂಗಡಿಗೆ ಹೋಗುವುದು ಬಿಟ್ಟಳು. ಮಗಳ ಕಾಲೇಜಿನ ಬಸ್ಸು ಹತ್ತು ನಿಮಿಷ ತಡವಾದರೆ ಅಂಗಳದಲ್ಲಿ ನಿಂತು ಬೆವರುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚಾದರೂ, ನಾನು ಯಾವುದಕ್ಕೂ ಆಗದವಳು ಎನ್ನುತ್ತಿದ್ದಳು. ನಾನು ಹರಕೆ ಹೇಳಿಕೊಂಡೆ, ನೂಲು ಕಟ್ಟಿಸಿದೆ, ಬೈದೆ. ಮಗಳೇ ಕೊನೆಗೆ, ಇದು ಕಾಯಿಲೆ ಅಮ್ಮ, ಇದಕ್ಕೆ ಡಾಕ್ಟರು ಇದ್ದಾರೆ ಎಂದು ಹಟ ಹಿಡಿದಳು. ಉಡುಪಿಯ ಕಾಲೇಜಿನಲ್ಲಿ ಓದುತ್ತಿರುವ ಅವಳಿಗೆ ಇಂಥದ್ದೆಲ್ಲ ತಿಳಿದಿತ್ತು.

ದೊಡ್ಡ ಆಸ್ಪತ್ರೆಗೆ ನಾನು ಒಪ್ಪಲಿಲ್ಲ. ಅಲ್ಲಿ ಆಧಾರ್ ಕೇಳುತ್ತಾರೆ, ನಮ್ಮೂರಿನ ಹುಡುಗಿಯರು ನರ್ಸ್ ಕೆಲಸದಲ್ಲಿದ್ದಾರೆ. ಒಂದು ಕಟ್ಟಡದ ಮೇಲ್ಮಹಡಿಯಲ್ಲಿದ್ದ ಚಿಕ್ಕ ಕ್ಲಿನಿಕ್ಕನ್ನು ಹುಡುಕಿದೆ. ಅಲ್ಲಿ ಹೆಸರು, ವಯಸ್ಸು, ಫೋನ್ ನಂಬರ್ ಹೇಳಿದರೆ ಸಾಕಿತ್ತು.

ನಿನಗೆ ಇನ್ನೂ ಸಂಬಂಧ ಬರಬಹುದು, ನಿನ್ನ ಹೆಸರು ಅಲ್ಲಿ ಬೇಡ ಎಂದು ಬಸ್ಸಿನಲ್ಲಿಯೇ ತಂಗಿಗೆ ಹೇಳಿದ್ದೆ. ಅದು ಸುಳ್ಳು. ಅವಳಿಗೆ ಸಂಬಂಧ ಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ನಾನು ಹೆದರಿದ್ದು ಮಗಳ ಸಂಬಂಧಕ್ಕೆ. ಚಿಕ್ಕಮ್ಮನಿಗೆ ತಲೆ ಸರಿಯಿಲ್ಲವಂತೆ ಎಂಬ ಒಂದು ಮಾತು ನಮ್ಮ ಟೆಂಪೋ ಹತ್ತಿದರೆ ಸಾಕು, ಹಿರಿಯಡ್ಕ ದಾಟುವಾಗ ಚರ್ಚೆಯಾಗಿ, ಬೈಲೂರು ಬರುವಾಗ ತೀರ್ಮಾನವಾಗಿರುತ್ತದೆ. ಆ ಟೆಂಪೋದಲ್ಲಿ ನಾನೂ ಎಷ್ಟೋ ಮನೆಗಳ ಬಗ್ಗೆ ತೀರ್ಮಾನ ಹೇಳಿದವಳು.

ಡಾಕ್ಟರು ಏನು ಕೇಳಿದರೂ ನನ್ನ ವಿಷಯವನ್ನೇ ಹೇಳು, ನಿನ್ನದು ಹೇಳಿದರೆ ಸಿಕ್ಕಿಬೀಳುತ್ತೇವೆ ಎಂದೂ ಹೇಳಿಕೊಟ್ಟೆ. ಅವಳು ಹೂಂ ಎಂದಳು.

ನಿದ್ದೆ ಬರುವುದಿಲ್ಲ, ಜನರೆಂದರೆ ಭಯ ಎಂದಷ್ಟನ್ನು ನಾನು ಹೇಳಿದ ಮೇಲೆ ಡಾಕ್ಟರು ಅವಳನ್ನು ಕನ್ನಡದಲ್ಲಿ ಕೇಳಿದರು. ತಂಗಿ ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಉತ್ತರ ಕೊಟ್ಟಳು. ಬೇರೆ ಕಾಯಿಲೆ ಏನಾದರೂ ಇದೆಯೇ ಎಂದಾಗ, ಶುಗರ್ ಉಂಟು ಎಂದಳು. ಶುಗರ್ ಇರುವುದು ನನಗೆ. ನಾನು ಪಕ್ಕದಲ್ಲೇ ಕೂತಿದ್ದೆ, ತಿದ್ದಲಿಲ್ಲ. ಮಾತ್ರೆ ಬರೆದುಕೊಟ್ಟು, ಹದಿನೈದು ದಿನಕ್ಕೊಮ್ಮೆ ಕೌನ್ಸಿಲಿಂಗಿಗೂ ಬರಬೇಕು ಎಂದರು.

ಹದಿನೈದು ದಿನಕ್ಕೊಮ್ಮೆ, ಕಾರ್ಕಳದಿಂದ ಹಿಂದೆ ಬರುವಾಗ ನಾನು ಮಣಿಪಾಲದಲ್ಲಿ ಇಳಿಯತೊಡಗಿದೆ. ಕಾಪುವಿನಿಂದ ತಂಗಿಯನ್ನು ಮಗಳು ಬಸ್ಸಿನಲ್ಲಿ ಕರೆತಂದು ಬಿಡುತ್ತಿದ್ದಳು. ಕೌಂಟರಿನ ವಿಷಯ ಅವಳಿಗೂ ಹೇಳಿರಲಿಲ್ಲ. ಟೆಂಪೋದವರಿಗೆ ನನ್ನ ಮೊಣಕಾಲು ನೋವು ಎಂದೆ. ಹೆಸರೂ ನನ್ನದೇ ಇದ್ದುದರಿಂದ ಮಾತ್ರೆಯ ಕವರು ಯಾರ ಕಣ್ಣಿಗೆ ಬಿದ್ದರೂ ಭಯವಿರಲಿಲ್ಲ. ಇಳಿಯುವಾಗ ಸ್ವಲ್ಪ ಕುಂಟುತ್ತಿದ್ದೆ. ಟೆಂಪೋದಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸೊಬ್ಬರು ಇದ್ದಾರೆ, ನಾವು ದೊಡ್ಡಮ್ಮ ಎನ್ನುತ್ತೇವೆ. ಅವರು ಒಂದು ಬಾಟಲಿಯಲ್ಲಿ ಕಾಯಿಸಿದ ಎಣ್ಣೆ ತಂದುಕೊಟ್ಟರು. ನಾಲ್ಕು ದಿನಕ್ಕೊಮ್ಮೆ, ಎಣ್ಣೆ ಹಚ್ಚಿದೆಯಾ ಎಂದು ಕೇಳುತ್ತಿದ್ದರು. ಹಚ್ಚಿದೆ ಎನ್ನುತ್ತಿದ್ದೆ.

ಮಾತ್ರೆಯಿಂದ ತಂಗಿಗೆ ನಿದ್ದೆ ಬರತೊಡಗಿತು. ಅಷ್ಟಕ್ಕೇ ನಾನು ಸರಿಯಾಯಿತು ಎಂದುಕೊಂಡೆ.

ಜೂನ್ ಬಂತು. ಮಳೆಗಾಲದ ಎರಡು ತಿಂಗಳು ದೊಡ್ಡ ಬೋಟುಗಳು ಕಡಲಿಗಿಳಿಯುವುದಿಲ್ಲ. ನಮ್ಮ ಟೆಂಪೋ ವಾರಕ್ಕೆ ಎರಡು ದಿನ ಹೋದರೆ ಹೆಚ್ಚು. ಅಷ್ಟು ವರ್ಷ ಆ ಎರಡು ತಿಂಗಳು ನಾನು ಒಣಮೀನು ಹಿಡಿದುಕೊಂಡು ಊರೂರು ತಿರುಗುತ್ತಿದ್ದೆ. ಈ ವರ್ಷ ಮನೆಯಲ್ಲಿದ್ದೆ. ತಂಗಿಯ ಒಂದು ಇಡೀ ಹಗಲನ್ನು ಮೊದಲ ಸಲ ನೋಡಿದೆ. ಬೆಳಿಗ್ಗೆ ಎದ್ದು ಬಾಗಿಲ ಬಳಿ ಕೂತರೆ ಹನ್ನೊಂದರವರೆಗೆ ಅಲ್ಲೇ. ಸ್ನಾನಕ್ಕೆ ನೀರು ಕಾಯಿಸಿಟ್ಟು ಮರೆಯುತ್ತಿದ್ದಳು. ಊಟವನ್ನು ನಾವು ನೋಡುತ್ತಿದ್ದೇವೆಂದು ಬಾಯಿಗಿಡುತ್ತಿದ್ದಳು. ಒಂದು ಮಧ್ಯಾಹ್ನ ಅಡಿಗೆಮನೆಯಲ್ಲಿ ನನ್ನ ಹಿಂದೆ ನಿಂತು, ಸಣ್ಣ ಸ್ವರದಲ್ಲಿ ಹೇಳಿದಳು.

"ನಾನು ಇಲ್ಲದಿದ್ರೆ ನಿಮಗಿಬ್ಬರಿಗೂ ಹಗುರ ಆಗ್ತದೆ ಅಕ್ಕ."

ನಾನು ತಿರುಗಿ ನೋಡಲಿಲ್ಲ. "ಸುಮ್ಮನೆ ಏನೇನೋ ಮಾತಾಡಬೇಡ ಮಾರಾಯ್ತಿ, ಆ ಬೂತಾಯಿ ಕೊಯ್ದು ಇಡು" ಎಂದೆ. ಅವಳು ಕೂತು ಮೀನು ಕೊಯ್ದಳು. ಅವಳ ಕೈಯಲ್ಲಿ ಕತ್ತಿ ಇತ್ತು ಎಂಬುದು ನನಗೆ ಹೊಳೆದದ್ದು ಸಂಜೆ. ಅಂದಿನಿಂದ ಕತ್ತಿಯನ್ನು ಅಟ್ಟದಲ್ಲಿ ಇಡತೊಡಗಿದೆ. ಆದರೂ ಡಾಕ್ಟರಿಗೆ ಹೇಳಲಿಲ್ಲ.

ಜುಲೈಯಲ್ಲಿ ಕೌನ್ಸಿಲಿಂಗ್ ಮಾಡುವವರು ಮನೆಯವರೊಬ್ಬರನ್ನು ನೋಡಬೇಕು ಎಂದರು. ಅವರು ನಮ್ಮ ಕಡೆಯವರೇ, ತುಳು ಮಾತಾಡುವ ಚಿಕ್ಕ ಪ್ರಾಯದ ಹೆಂಗಸು. ತಂಗಿಯನ್ನು ಹೊರಗೆ ಕೂರಿಸಿ ನಾನು ಒಳಗೆ ಹೋದೆ. ತಂಗಿ ಅಲ್ವಾ ನೀವು ಎಂದು ಕೇಳಿದರು. ನನ್ನ ಹೆಸರು ಅವಳಿಗೆ ಹೋದ ಮೇಲೆ ನಾನು ತಂಗಿಯೇ ಆಗಬೇಕಲ್ಲ. ಹೌದು ಎಂದೆ.

ಅವರು ಹಳದಿ ಫೈಲು ತೆರೆದು, ನಿಮ್ಮ ಅಕ್ಕನ ವಿಷಯ ನಿಮಗೆ ಎಷ್ಟು ಗೊತ್ತುಂಟು ಎಂದು ಕೇಳಿ, ಅದರಲ್ಲಿ ಬರೆದದ್ದನ್ನು ಒಂದೊಂದಾಗಿ ಹೇಳತೊಡಗಿದರು. ತಾಯಿಯ ಬುಟ್ಟಿ ಹೊರಲು ಶಾಲೆ ಬಿಟ್ಟದ್ದು, ಬಿಟ್ಟ ದಿನ ಸ್ಲೇಟನ್ನು ತಂಗಿಗೆ ಕೊಟ್ಟು ಹಿತ್ತಿಲಿನಲ್ಲಿ ಹೋಗಿ ಕೂತದ್ದು. ಗಂಡನ ಸುದ್ದಿ ಬಂದ ದಿನ ಅಳದೆ, ಬಂದವರಿಗೆಲ್ಲ ಚಹಾ ಮಾಡಿಕೊಟ್ಟದ್ದು. ಈಗಲೂ ಗಾಳಿ ಜೋರಾದರೆ ಎದ್ದು ಅವರ ಅಂಗಿಯನ್ನು ಮಡಚಿದ್ದನ್ನೇ ಮತ್ತೆ ಮಡಚುವುದು. ಇದನ್ನೆಲ್ಲ ನಾನು ಯಾರಿಗೂ ಹೇಳಿರಲಿಲ್ಲ. ಯಾರೂ ನೋಡಿಲ್ಲ ಎಂದುಕೊಂಡಿದ್ದೆ.

"ಇಷ್ಟು ವರ್ಷ ನಿಮ್ಮನ್ನೆಲ್ಲ ಸಾಕಿದ್ದಾರೆ. ನೀನು ಊಟ ಮಾಡಿದೆಯಾ ಅಂತ ಅವರನ್ನು ಮನೆಯಲ್ಲಿ ಯಾರಾದ್ರೂ ಕೇಳ್ತೀರಾ?" ಎಂದು ಅವರು ನನ್ನನ್ನು ಕೇಳಿದರು.

ಕೇಳುತ್ತಾಳೆ. ನಾನು ಮೀನಿನ ಬುಟ್ಟಿ ಇಳಿಸುವ ಮೊದಲೇ, ದಿನಾ ಅದೊಂದನ್ನು ತಂಗಿ ಕೇಳುತ್ತಾಳೆ. ಅವಳು ಊಟ ಮಾಡಿದಳೇ ಎಂದು ನಾನು ಕೇಳಿದ ನೆನಪು ನನಗಿಲ್ಲ.

ಹೊರಗೆ ಬಂದು ಮೆಟ್ಟಿಲಿಳಿಯುವಾಗ, ಅದನ್ನೆಲ್ಲ ಯಾಕೆ ಹೇಳಿದೆ ಎಂದು ಅವಳನ್ನು ಕೇಳಿದೆ. ಸಿಟ್ಟಿನಲ್ಲಿಯೇ ಕೇಳಿದ್ದು.

"ನೀನೇ ಹೇಳಿದ್ದಲ್ವಾ, ನಿನ್ನ ವಿಷಯ ಹೇಳು ಅಂತ."

"ಒಂದು ಸಲವೂ ನಿನ್ನದು ಹೇಳಲಿಲ್ವಾ?"

"ನನ್ನದು ಹೇಳ್ಲಿಕ್ಕೆ ನನ್ನ ಹೆಸರು ಬೇಕಲ್ಲ ಅಕ್ಕ."

ಅವಳ ಮಾತಿನಲ್ಲಿ ದೂರು ಇರಲಿಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ಹಾಗೆ ಹೇಳಿದಳು.

ಆವತ್ತೇ ಮೆಟ್ಟಿಲು ಹತ್ತಿ ಹೋಗಿ ಸರಿಮಾಡಿದೆ ಎಂದು ಬರೆಯುವ ಆಸೆ ನನಗೆ. ಮಾಡಲಿಲ್ಲ. ಹದಿನೈದು ದಿನ ಕಳೆದೆ. ಕೌಂಟರಿನಲ್ಲಿ ಎಷ್ಟು ಜನ ಇರುತ್ತಾರೆ, ಸುಳ್ಳು ಹೇಳಿದ್ದಕ್ಕೆ ಪೊಲೀಸು ಕರೆಯುತ್ತಾರೋ ಏನೋ, ಟೆಂಪೋದಲ್ಲಿ ಏನಾಗುತ್ತದೆ, ಇದನ್ನೇ ಯೋಚಿಸಿದೆ. ಆ ಹದಿನೈದು ದಿನದಲ್ಲಿ ತಂಗಿಗೆ ಏನಾದರೂ ಆಗಿದ್ದರೆ ಎಂಬ ಯೋಚನೆ ಈಗ ಬರುತ್ತದೆ. ಮೀನು ಮಾರುತ್ತ ಕೂತಾಗ ಬರುತ್ತದೆ, ಗಿರಾಕಿ ಎರಡೆರಡು ಸಲ ಕೇಳಬೇಕಾಗುತ್ತದೆ.

ಆಗಸ್ಟಿನಲ್ಲಿ ಬೋಟುಗಳು ಮತ್ತೆ ಕಡಲಿಗಿಳಿದವು. ಮೊದಲ ವಾರ ಕಾರ್ಕಳದಿಂದ ಬರುತ್ತ ಮಣಿಪಾಲದಲ್ಲಿ ಇಳಿದೆ. ಕ್ಲಿನಿಕ್ಕಿನಲ್ಲಿ ಒಂಬತ್ತು ಹತ್ತು ಜನ ಕೂತಿದ್ದರು. ಹುಡುಗಿ ನನ್ನ ಹೆಸರು ಕರೆದಳು. ತಂಗಿ ಎದ್ದಳು. ಅಷ್ಟು ಅಭ್ಯಾಸವಾಗಿತ್ತು ಅವಳಿಗೆ. ನಾನು ಅವಳ ಕೈ ಹಿಡಿದು ಕೂರಿಸಿ ಕೌಂಟರಿಗೆ ಹೋದೆ.

"ಅದು ನನ್ನ ಹೆಸರು. ಕಾಯಿಲೆ ಅವಳಿಗೆ" ಎಂದೆ.

ಹುಡುಗಿಗೆ ಅರ್ಥವಾಗಲಿಲ್ಲ. ಹಾಗಾದರೆ ಇಷ್ಟು ತಿಂಗಳು ಡಾಕ್ಟರು ನೋಡಿದ್ದು ಯಾರನ್ನು ಎಂದು ಕೇಳಿದಳು. ಎಲ್ಲರಿಗೂ ಕೇಳುವ ಹಾಗೆ ತಂಗಿಯ ಹೆಸರು ಹೇಳಿದೆ, ವಯಸ್ಸು ಹೇಳಿದೆ. ಕೂತವರು ತಲೆಯೆತ್ತಿ ನೋಡಿದರು, ಮತ್ತೆ ತಮ್ಮ ಮೊಬೈಲು ನೋಡಿದರು. ನಾನು ಇಷ್ಟು ತಿಂಗಳು ಹೆದರಿದ್ದು ಅಷ್ಟಕ್ಕೆ.

ಡಾಕ್ಟರು ಮಾತ್ರ ಬೈದರು. ಇಲ್ಲದ ಶುಗರನ್ನು ನಂಬಿ ಮಾತ್ರೆ ಆರಿಸಿದ್ದೆ, ಏನಾದರೂ ಆಗಿದ್ದರೆ ಯಾರು ಹೊಣೆ ಎಂದರು. ನಾನು ಅಡಿಗೆಮನೆಯ ಮಾತನ್ನೂ, ಅಟ್ಟದ ಮೇಲಿನ ಕತ್ತಿಯನ್ನೂ ಹೇಳಿದೆ. ಅವರು ಬೈಯುವುದನ್ನು ನಿಲ್ಲಿಸಿದರು. ನನ್ನನ್ನು ಹೊರಗೆ ಕಳಿಸಿ ತಂಗಿಯೊಬ್ಬಳ ಜೊತೆ ತುಂಬ ಹೊತ್ತು ಮಾತಾಡಿದರು. ಮಾತ್ರೆ ಬದಲಾಯಿತು. ಕೆಲವು ವಾರ ಅವಳನ್ನು ಒಬ್ಬಳೇ ಬಿಡಬಾರದು, ಮಾತ್ರೆಗಳನ್ನು ನೀವೇ ಇಟ್ಟುಕೊಂಡು ಕೊಡಬೇಕು, ಅಂಥ ಮಾತು ಮತ್ತೆ ಬಂದರೆ ಕಾಯದೆ ಕರೆತರಬೇಕು ಎಂದರು. ಆ ಮೇಲೆ ಕೌನ್ಸಿಲಿಂಗಿನವರ ಕೋಣೆಗೆ ಹೋದಳು. ಬಾಗಿಲು ಹಾಕಿತ್ತು. ಒಂದು ಸಲ ಅವಳ ಅಳು ಕೇಳಿಸಿತು. ಹೊರಗೆ ಬಂದವಳು ಮುಖ ತೊಳೆದುಕೊಂಡು, "ಹಸಿವಾಗ್ತದೆ ಅಕ್ಕ" ಎಂದಳು. ಕೆಳಗಿನ ಹೋಟೆಲಿನಲ್ಲಿ ಬನ್ಸ್ ತಿಂದೆವು. ಒಳಗೆ ಏನು ಹೇಳಿದೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಮಗಳಿಗೆ ಅದೇ ಸಂಜೆ ಹೇಳಿದೆ. ನನ್ನ ಮದುವೆಗಾಗಿ ಚಿಕ್ಕಮ್ಮನ ಹೆಸರು ಅಡಗಿಸಿದೆಯಾ ಎಂದು ಕೇಳಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮರುವಾರ ಟೆಂಪೋದಲ್ಲಿ ದೊಡ್ಡಮ್ಮ ಎಣ್ಣೆಯ ವಿಷಯ ಕೇಳಿದಾಗ, ಮೊಣಕಾಲು ನೋವು ಸುಳ್ಳು, ತಂಗಿಗೆ ಮನಸ್ಸಿನ ಕಾಯಿಲೆ, ಮದ್ದು ಮಾಡಿಸುತ್ತಿದ್ದೇವೆ ಎಂದುಬಿಟ್ಟೆ. ಪರ್ಕಳ ದಾಟಿತು.

"ಮೊಣಕಾಲು ಸುಳ್ಳು ಅಂತ ಗೊತ್ತಿತ್ತು ಮಾರಾಯ್ತಿ" ಎಂದರು ದೊಡ್ಡಮ್ಮ. "ಒಂದು ದಿನ ಬಲಗಾಲು ಕುಂಟ್ತಿದ್ದೆ, ಒಂದು ದಿನ ಎಡಗಾಲು."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಅವರು, ನಮ್ಮ ಮನೆಯಲ್ಲೂ ಒಬ್ಬಳು ಇದ್ದಳು, ನಾವು ಎಲ್ಲಿಗೂ ಕರೆದುಕೊಂಡು ಹೋಗಲಿಲ್ಲ ಎಂದರು. ನನ್ನ ಬೆನ್ನ ಹಿಂದೆ ಟೆಂಪೋದಲ್ಲಿ ಏನು ಮಾತಾಗಿದೆಯೋ ನನಗೆ ಗೊತ್ತಿಲ್ಲ. ಮಗಳಿಗೆ ಬಂದಿದ್ದ ಒಂದು ಸಂಬಂಧದವರು ಆಮೇಲೆ ಫೋನು ಮಾಡಲಿಲ್ಲ. ಇದರಿಂದಲೋ, ಬೇರೆ ಏನೋ.

ತಂಗಿ ಪೂರ್ತಿ ಗುಣವಾಗಿದ್ದಾಳೆ ಎಂದು ಹೇಳಲಾರೆ. ಕೆಲವು ದಿನ ಈಗಲೂ ಬಾಗಿಲ ಬಳಿ ಕೂರುತ್ತಾಳೆ. ಕೆಲವು ದಿನ ತಾನೇ ನೀರು ಕಾಯಿಸಿ ಸ್ನಾನ ಮಾಡಿ, ಅಂಗಡಿಯವರೆಗೆ ಹೋಗಿ ಬರುತ್ತಾಳೆ. ಕೆಟ್ಟ ಯೋಚನೆ ಬಂದರೆ ಈಗ ಬಂದಿದೆ ಎಂದು ಹೇಳುತ್ತಾಳೆ, ನಾನು ಕೈಯಲ್ಲಿರುವ ಕೆಲಸ ಬಿಟ್ಟು ತಿರುಗಿ ಕೂರುತ್ತೇನೆ. ಮೊದಲೇ ಅವಳನ್ನು ಅವಳ ಹೆಸರಿನಲ್ಲಿ ಕರೆದುಕೊಂಡು ಹೋಗಿದ್ದರೆ ಆ ನಾಲ್ಕು ತಿಂಗಳು ಉಳಿಯುತ್ತಿತ್ತು, ಸೋಮಾರಿ ಎನ್ನದೆ ಇದ್ದಿದ್ದರೆ ಹತ್ತು ವರ್ಷ.

ಹಳದಿ ಫೈಲನ್ನು ಕೌನ್ಸಿಲಿಂಗಿನವರು ಎಸೆದಿಲ್ಲ. ಇದರಲ್ಲಿ ಬರೆದದ್ದೆಲ್ಲ ನಿಮ್ಮದೇ ಅಲ್ವಾ, ನೀವೂ ಒಂದು ದಿನ ಬಂದು ಕೂತುಕೊಳ್ಳಿ ಎಂದಿದ್ದಾರೆ. ನಾನು ಇನ್ನೂ ಹೋಗಿಲ್ಲ.

ಹದಿನೈದು ದಿನಕ್ಕೊಮ್ಮೆ ಈಗಲೂ ಮಣಿಪಾಲದಲ್ಲಿ ಇಳಿಯುತ್ತೇನೆ. ಹುಡುಗಿ ತಂಗಿಯ ಹೆಸರು ಕರೆಯುತ್ತಾಳೆ. ಅಷ್ಟು ಜನರ ನಡುವೆ ಅದು ಕೇಳಿಸಿದಾಗ, ಯಾರು ತಲೆಯೆತ್ತಿದರು ಎಂದು ನಾನು ಇಂದಿಗೂ ಒಮ್ಮೆ ಸುತ್ತ ನೋಡುತ್ತೇನೆ. ತಂಗಿ ಎದ್ದು, ನನ್ನ ಮುಖ ನೋಡದೆ, ಒಳಗೆ ಹೋಗುತ್ತಾಳೆ.