ಕ್ವಾರಿಯ ಕೆಂಪು ವೈರು

ಆಗೆಲ್ಲ ಕವಲಂದೆ ಕಡೆಯ ನಮ್ಮ ಊರಿನಲ್ಲಿ ಮಧ್ಯಾಹ್ನವಾದರೆ ಉಪ್ಸಾರಿನ ಪಾತ್ರೆಗೆ ತಟ್ಟೆ ಮುಚ್ಚುತ್ತಿದ್ದೆವು. ಕ್ವಾರಿಯಲ್ಲಿ ಬಂಡೆ ಸಿಡಿದರೆ ಹೆಂಚಿನ ಸಂದಿಯಿಂದ ದೂಳು ಉದುರುತ್ತಿತ್ತು. ಬಂಡೆಗೆ ಮದ್ದು ತುಂಬಿ ಸಿಡಿಸುತ್ತಿದ್ದವನು ನಮ್ಮಪ್ಪನೇ. ಸಂಜೆ ಅವನು ಬಾಗಿಲಿಗೆ ಬರುವ ಮೊದಲೇ ಅಂಗಿಯ ಸುಟ್ಟ ಮದ್ದಿನ ಘಾಟು ಒಳಗೆ ಬರುತ್ತಿತ್ತು.

ಆ ಬೇಸಿಗೆ ರಜೆಯಲ್ಲಿ ನನಗೂ ಅಕ್ಕ ರತ್ನಳಿಗೂ ವೈರು ಆಯುವ ಹುಚ್ಚು. ಬಂಡೆ ಸಿಡಿದ ಮೇಲೆ ಕಲ್ಲುಗಳ ನಡುವೆ ಬಿದ್ದಿರುತ್ತಿದ್ದ ಕೆಂಪು, ಹಳದಿ ವೈರುಗಳನ್ನು ಹೆಣೆದು ಬಳೆ ಮಾಡಿಕೊಳ್ಳುತ್ತಿದ್ದೆವು. ಕ್ವಾರಿಗೆ ಬೇಲಿಯಿರಲಿಲ್ಲ, ಕಾವಲೂ ಇರಲಿಲ್ಲ. ಒಂದು ದಿನ ಅಕ್ಕನಿಗೆ ಸಿಕ್ಕಿದ ಕೆಂಪು ವೈರಿನ ತುದಿಯಲ್ಲಿ ಬೆರಳುದ್ದದ ಬೆಳ್ಳಿ ಬಣ್ಣದ ಕೊಳವೆಯಿತ್ತು. ಮದ್ದಿಗೆ ಕಿಡಿ ಕೊಡುವ ಕೇಪು ಅದು, ಸಿಡಿಯದೆ ಉಳಿದದ್ದು. ನಮಗೆ ಗೊತ್ತಿರಲಿಲ್ಲ.

"ಇದ್ನ ಕಿತ್ತಾಕ್ಬುಟ್ರೆ ಒಳ್ಳೆ ಬಳೆ ಆಯ್ತದೆ ಕಣೇ," ಎಂದು ಅಕ್ಕ ಜಗಲಿಯ ಮೇಲೆ ಕೂತು ಕೊಳವೆಯನ್ನು ಕಲ್ಲಿನಿಂದ ಜಜ್ಜಿದಳು.

ಸದ್ದು ನೆನಪಿಲ್ಲ. ಅವಳು ಅಳದೆ ತನ್ನ ಬಲಗೈಯನ್ನೇ ನೋಡುತ್ತ ಕೂತಿದ್ದು ನೆನಪಿದೆ. ಮೂರು ಬೆರಳು ಇರಲಿಲ್ಲ.

ನಂಜನಗೂಡಿನ ಆಸ್ಪತ್ರೆಯ ಹೊರಗೆ ಕ್ವಾರಿ ಯಜಮಾನ ಅಪ್ಪನನ್ನು ಪಕ್ಕಕ್ಕೆ ಕರೆದ.

"ಪಟಾಕಿ ಸಿಡೀತು ಅಂತ ಯೋಳ್ಬುಡು ಮಾದಪ್ಪ. ಕೇಪು ಅಂದ್ರೆ ಒಳಕ್ಕೆ ಓಗೋನು ನೀನು. ಮದ್ದು ಸಿಡ್ಸಕ್ಕೆ ನಿಂಗೆ ಲೈಸೆನ್ಸ್ ಎಲ್ಲದೆ?"

ಅಪ್ಪ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ಪೊಲೀಸ್ನೋರು ಕೇಳಿದ್ರೆ ಪಟಾಕಿ ಅನ್ಬುಡು ಮಗ," ಎಂದ.

ಇನ್ಸ್‌ಪೆಕ್ಟರು ಮೆಲ್ಲಗೇ ಕೇಳಿದರು: "ಅದು ಎಲ್ಲಿ ಸಿಕ್ತಮ್ಮ?"

ಒಳಗೆ ಅಕ್ಕ ನರಳುತ್ತಿದ್ದಳು. ಅಪ್ಪ ಹೇಳಿಕೊಟ್ಟ ಮಾತು ನನ್ನ ಬಾಯಿಗೆ ಬರಲಿಲ್ಲ.

"ಕ್ವಾರೀಲಿ ಸಾ," ಎಂದೆ.

ಅಪ್ಪನನ್ನು ಜೀಪು ಹತ್ತಿಸಿದರು. ಯಜಮಾನನ ಕಾಗದಪತ್ರಗಳೆಲ್ಲ ಸರಿಯಾಗಿದ್ದವಂತೆ. ಮದ್ದು ಮುಟ್ಟಲು ಅಪ್ಪನಿಗೆ ತಾನು ಹೇಳಿಯೇ ಇರಲಿಲ್ಲ ಎಂದನಂತೆ. ಮೂರು ತಿಂಗಳ ಮೇಲೆ ಹೊರಬಂದ ಅಪ್ಪ ಗದ್ದೆ ಕೂಲಿಗೆ ಹೋದ, ನಮ್ಮಿಬ್ಬರನ್ನೂ ಓದಿಸಿದ. ನನ್ನನ್ನು ಒಂದು ದಿನವೂ ಬೈಯಲಿಲ್ಲ. ನನ್ನೊಡನೆ ಮಾತು ಮಾತ್ರ ಕಡಿಮೆ ಮಾಡಿದ.

ಅಕ್ಕ ಎಡಗೈಯಲ್ಲಿ ಬರೆಯುವುದನ್ನು ಕಲಿತು ಈಗ ಅಂಗನವಾಡಿ ನಡೆಸುತ್ತಾಳೆ. ಕ್ವಾರಿಗೆ ತಂತಿಬೇಲಿ ಬಂದಿದೆ. ಸಿಡಿಸುವ ಮುನ್ನ ಸೈರನ್ ಕೂಗುತ್ತದೆ, ಕೆಂಪು ಬಾವುಟ ಏರುತ್ತದೆ, ಲೈಸೆನ್ಸ್ ಇರುವವರೇ ಮದ್ದು ತುಂಬುತ್ತಾರೆ. ಇಷ್ಟೇ ಆಗಬೇಕಿದ್ದದ್ದು, ಅಂದೂ.

ಹೋದ ವರ್ಷ ಅಪ್ಪ ಹಾಸಿಗೆ ಹಿಡಿದಾಗ ಕೇಳಿಯೇಬಿಟ್ಟೆ. "ಅವತ್ತು ನಾನು ಯೋಳಿದ್ದು ತಪ್ಪಾ ಅಪ್ಪ?"

ಅಪ್ಪ ನನ್ನ ಕಡೆಗೆ ಹೊರಳಿದ. "ತಪ್ಪಲ್ಲ ಕಣವ್ವ. ನಾನೇ ಯೋಳ್ಬೇಕಾಗಿತ್ತು."

ಅಷ್ಟು ಮಾತಿಗೆ ನಮಗೆ ಇಪ್ಪತ್ತು ವರ್ಷ ಹಿಡಿಯಿತು. ಮುಂದಕ್ಕೆ ಮಾತಾಡಲು ನಾಲ್ಕೇ ದಿನ ಉಳಿದಿದ್ದವು.