ಕಿವಿಗೆ ಹಿಡಿದ ರೀಲು

ಮೇಸ್ತ್ರಿಯ ಬಲಗಿವಿಯ ಹಾಲೆ ಯಾವಾಗಲೂ ಕಪ್ಪಗಿರುತ್ತಿತ್ತು. ಎಡಗಿವಿ ಎಲ್ಲರ ಕಿವಿಯ ಹಾಗೆಯೇ. ಬಲಗಿವಿಗೆ ಮಾತ್ರ ವರ್ಷಗಟ್ಟಲೆ ಎಣ್ಣೆ, ಗ್ರೀಸು ಇಳಿದು ಸೋಪಿಗೂ ಸೀಗೆಪುಡಿಗೂ ಬಗ್ಗದ ಒಂದು ಬಣ್ಣ ಬಂದುಬಿಟ್ಟಿತ್ತು. ಯಾವ ಯಂತ್ರವನ್ನಾದರೂ ಮೊದಲು ಆ ಕಿವಿಗೆ ಹಿಡಿದು ಆಮೇಲೆ ಕಣ್ಣಿಗೆ ಹಿಡಿಯುವುದು ಅವರ ಕ್ರಮ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ನಿಂತು ನಿವೃತ್ತರಾದವರು ಅವರು. ಆಮೇಲೆ ನ್ಯೂ ಟೌನಿನ ಮನೆಯ ವರಾಂಡದಲ್ಲಿ ಕೂತು ಮೀನು ಹಿಡಿಯುವ ರೀಲುಗಳನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಕೊಡುತ್ತಿದ್ದರು. ಶಿವಮೊಗ್ಗ, ಭದ್ರಾವತಿ ಎರಡೂ ಊರಿನ ಗಾಳದ ಹುಚ್ಚಿನವರಿಗೆ ಅವರೊಬ್ಬರೇ ಗತಿ. ಅವರಷ್ಟು ಕೆಲಸ ಬಲ್ಲವರನ್ನೂ ಅವರಷ್ಟು ಕೆಟ್ಟ ನಾಲಿಗೆಯವರನ್ನೂ ನಾನು ಬೇರೆ ಕಂಡಿಲ್ಲ.

ನಾನು ದುರ್ಗಿಗುಡಿಯವನು. ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ. ಮನೆಯಲ್ಲಿ ವಿಭೂತಿ, ಲಿಂಗಪೂಜೆ. ಮೀನಿನ ವಾಸನೆ ಹೊಸ್ತಿಲು ದಾಟುವಂತಿಲ್ಲ. ಗಾಳ ಹಾಕುವ ಹುಚ್ಚು ನನಗೆ ಎಲ್ಲಿಂದಲೋ ಅಂಟಿಕೊಂಡಿತ್ತು. ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಟ್ಟು ಬರುತ್ತಿದ್ದೆ. ಇದು ಮೇಸ್ತ್ರಿಗೆ ಗೊತ್ತಾದಾಗ ಅವರು ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು. “ತಿನ್ನಲ್ಲ ಅಂದ್ಮೇಲೆ ಅದರ ಬಾಯಿ ಯಾಕೆ ಹರೀತೀಯ ಮಾರಾಯ? ನಾನು ಹೊಟ್ಟೆಗೆ ಹಿಡೀತೀನಿ. ನೀನು ಶೋಕಿಗೆ ಹಿಡೀತೀಯ.”

ನಾನು ಮೊದಲು ಒಯ್ದದ್ದು ಫೋನಿನಲ್ಲಿ ತರಿಸಿದ ಬೇಟ್‌ಕಾಸ್ಟಿಂಗ್ ರೀಲು. ಸಾಮಾನ್ಯ ರೀಲಿನಲ್ಲಿ ದಾರ ಸುಮ್ಮನೆ ಸುರುಳಿ ಬಿಚ್ಚಿಕೊಂಡು ಹೋಗುತ್ತದೆ; ಇದರಲ್ಲಿ ಗಾಳ ಎಸೆದಾಗ ದಾರದ ಉರುಳೆಯೇ ಗಿರ್ರನೆ ತಿರುಗುತ್ತದೆ. ಅದರ ಮೇಲೆ ಹೆಬ್ಬೆರಳಿಟ್ಟು ಹದ ಹಿಡಿಯಬೇಕು. ಹದ ತಪ್ಪಿದರೆ ದಾರವೆಲ್ಲ ಸಿಕ್ಕುಸಿಕ್ಕು. ಉರುಳೆಯ ಎರಡು ತುದಿಗೆ ಕಡಲೆಕಾಳಿನಷ್ಟು ಪುಟ್ಟ, ಉಂಗುರದಂಥ ಎರಡು ಬೇರಿಂಗುಗಳು. ನಾನು ಬುದ್ಧಿವಂತಿಕೆ ತೋರಿಸಲು ಹೋಗಿ, ಮನೆಯಲ್ಲಿದ್ದ ಕೊಬ್ಬರಿ ಎಣ್ಣೆಯನ್ನು ಅವಕ್ಕೆ ಸುರಿದಿದ್ದೆ. ಧನುರ್ಮಾಸದ ಚಳಿಗೆ ಅದು ಹೆಪ್ಪುಗಟ್ಟಿ ಉರುಳೆ ಅಲುಗದಂತಾಗಿತ್ತು.

ಮೇಸ್ತ್ರಿ ಮುಚ್ಚಳ ತೆಗೆದು ಮೂಸಿದರು. ವರಾಂಡದಲ್ಲಿ ಏಳೆಂಟು ಜನ ಇದ್ದರು. ನನ್ನನ್ನು ಹತ್ತಿರ ಕರೆದು, ಬೇರಿಂಗಿನಿಂದ ಬೆರಳಲ್ಲಿ ಎಣ್ಣೆ ತೆಗೆದು ನನ್ನ ತಲೆಗೆ ಸವರಿದರು. “ಕೂತ್ಕೋ, ಜಡೆ ಹಾಕಿ ಕಳಿಸ್ತೀನಿ. ಮದುವೆ ಆಗಿಲ್ವಂತಲ್ಲ, ಯಾರಾದ್ರೂ ನೋಡೋಕೆ ಬರ್ತಾರೆ.” ಎಲ್ಲರೂ ನಕ್ಕರು. ನನಗಾಗ ಮೂವತ್ತನಾಲ್ಕು ವರ್ಷ. ಹೆಣ್ಣು ನೋಡಿ ನೋಡಿ ಸೋತಿದ್ದ ಮನೆಯವನು. ಆ ನಗು ಬಸ್ಸಿನಲ್ಲೂ ನನ್ನ ಜೊತೆ ಶಿವಮೊಗ್ಗದವರೆಗೆ ಬಂತು.

ಆದರೂ ಮುಂದಿನ ಭಾನುವಾರ ಮತ್ತೆ ಹೋದೆ. ಆರು ವರ್ಷ ಹೋದೆ. ಯಾಕೆಂದರೆ ಆ ಕೈ ಕೆಲಸ ಮಾಡುವುದನ್ನು ನೋಡಿದವನು ಎದ್ದು ಬರಲಾರ. ಬೇರಿಂಗನ್ನು ಪೆಟ್ರೋಲಿನಲ್ಲಿ ಅದ್ದಿ ತೊಳೆದು, ಬಿಳಿ ಬಟ್ಟೆಯ ಮೇಲೆ ಆರಲು ಬಿಡುತ್ತಿದ್ದರು. ಹೊಲಿಗೆ ಸೂಜಿಯ ತುದಿಯಲ್ಲಿ ನಿಲ್ಲುವಷ್ಟೇ ಎಣ್ಣೆ, ಒಂದಕ್ಕೆ ಒಂದು ಹನಿ. ಹಲ್ಲುಚಕ್ರಗಳಿಗೆ ಗ್ರೀಸು, ಅದೂ ಕಣ್ಣಿಗೆ ಕಂಡೂ ಕಾಣದಷ್ಟು. ಬ್ರೇಕಿನ ಹತ್ತಿರ ಎಣ್ಣೆಯ ನೆರಳೂ ಸುಳಿಯಬಾರದು. “ಜಾಸ್ತಿ ಹಾಕೋನು ಕೊಲೆಗಾರ, ಹಾಕದೇ ಇರೋನೂ ಕೊಲೆಗಾರ” ಎನ್ನುತ್ತಿದ್ದರು. ಕೊನೆಗೆ ಉರುಳೆಯನ್ನು ಬೆರಳಿಂದ ಚಿಮ್ಮಿ ಬಲಗಿವಿಗೆ ಹಿಡಿದು ಎಣಿಸುತ್ತಿದ್ದರು. ಹನ್ನೆರಡು ಎಣಿಸುವವರೆಗೆ ತಿರುಗಿ ಸದ್ದಿಲ್ಲದೆ ನಿಲ್ಲಬೇಕು. ಕಿವಿ ಒಪ್ಪದ ರೀಲು ಅವರ ಮನೆಯಿಂದ ಹೊರಗೆ ಹೋಗುತ್ತಿರಲಿಲ್ಲ. ಯಾರಾದರೂ ಚೆನ್ನಾಗಿ ಕೆಲಸ ಮಾಡಿದರೆ “ಕಲ್ತಿದೀಯ” ಎನ್ನುತ್ತಿದ್ದರಂತೆ. ಆ ಒಂದು ಮಾತು ನನಗೆ ಬೇಕಿತ್ತು. ಎಷ್ಟು ಬೇಕಿತ್ತೆಂದು ಹೇಳಿಕೊಳ್ಳಲು ಈಗಲೂ ನಾಚಿಕೆ.

ಒಮ್ಮೆ ಕೋಟೆ ಕಡೆಯ ಒಬ್ಬ ಬಡಗಿ ಬಂದಿದ್ದ. ಮರ ಸೀಳುವ ಮೆಷಿನ್ನಿಗೆ ಸಿಕ್ಕಿ ಅವನ ಬಲಗೈ ಹೆಬ್ಬೆರಳು ಅರ್ಧ ಹೋಗಿತ್ತು. ರೀಲನ್ನು ಎಡಗೈಗೆ ಹೊಂದಿಸಿಕೊಡಲು ಸಾಧ್ಯವೇ ಎಂದು ಮೆಲ್ಲಗೆ ಕೇಳಿದ. ಮೇಸ್ತ್ರಿ ಅವನ ಕೈ ಹಿಡಿದು ಎಲ್ಲರಿಗೂ ಕಾಣುವ ಹಾಗೆ ಎತ್ತಿದರು.

“ಹೆಬ್ಬೆರಳು ಇರೋರ ಕೆಲಸ ಇದು. ನೀನು ಹೋಗಿ ಬಲೆ ಹಾಕು.”

ಬಡಗಿ ರೀಲನ್ನು ಚೀಲಕ್ಕೆ ಹಾಕಿಕೊಂಡು ಹೋದ. ಮತ್ತೆ ಬರಲಿಲ್ಲ. ಅವತ್ತು ನಕ್ಕವರಲ್ಲಿ ನಾನೂ ಇದ್ದೆ.

ಮೇಸ್ತ್ರಿಗೆ ಕಿವಿ ಕೇಳುತ್ತಿಲ್ಲ ಎಂದು ಮೊದಲು ಕಂಡುಹಿಡಿದವನು ನಾನೇ. ಒಳಗೆ ಕುಕ್ಕರ್ ಕೂಗಿದರೂ ಅವರು ತಲೆ ಎತ್ತುತ್ತಿರಲಿಲ್ಲ. ಮಾತಾಡುವಾಗ ನಮ್ಮ ಕಣ್ಣು ಬಿಟ್ಟು ತುಟಿ ನೋಡುತ್ತಿದ್ದರು. ಅವರು ಕೊಟ್ಟ ರೀಲುಗಳಲ್ಲಿ ಒಂದೆರಡು ನದಿ ದಡದಲ್ಲಿ ಕಿರುಗುಟ್ಟಿದವು. ನಾನೇ ಗುಟ್ಟಾಗಿ ಬಿಚ್ಚಿ ಒಂದು ಹನಿ ಹಾಕಿಕೊಟ್ಟೆ. ಅಷ್ಟಕ್ಕೇ ನಿಂತಿದ್ದರೆ ನಾನು ಒಳ್ಳೆಯ ಮನುಷ್ಯನಾಗಿ ಉಳಿಯುತ್ತಿದ್ದೆ. ಮೇಸ್ತ್ರಿ ಮಾತ್ರ ರೀಲನ್ನು ಕಿವಿಗೆ ಹಿಡಿಯುವುದನ್ನು ಬಿಡಲಿಲ್ಲ. ಏನೂ ಕೇಳದ ಕಿವಿಗೆ ಹಿಡಿದು, ತಲೆ ವಾಲಿಸಿ, ಗಂಭೀರವಾಗಿ ಎಣಿಸುತ್ತಿದ್ದರು. ಆ ಗಾಂಭೀರ್ಯ ನೋಡಿದಾಗಲೆಲ್ಲ ನನ್ನ ತಲೆಯ ಮೇಲೆ ಕೊಬ್ಬರಿ ಎಣ್ಣೆ ಹರಿದ ಹಾಗಾಗುತ್ತಿತ್ತು.

ಒಂದು ಭಾನುವಾರ ನನ್ನ ರೀಲಿನ ಬೇರಿಂಗುಗಳನ್ನು ಪೆಟ್ರೋಲಿನಲ್ಲಿ ಚೆನ್ನಾಗಿ ತೊಳೆದು, ಎಣ್ಣೆ ಹಾಕದೆ ಒಣಗಿಸಿಯೇ ಜೋಡಿಸಿಕೊಂಡು ಹೋದೆ. ಎಣ್ಣೆ ಇಲ್ಲದ ಬೇರಿಂಗು ಮಾಮೂಲಿಗಿಂತ ಹೆಚ್ಚು ಹೊತ್ತೇ ತಿರುಗುತ್ತದೆ; ಆದರೆ ಕಿರುಚುತ್ತದೆ. ಎಣಿಕೆಯಲ್ಲಿ ತಪ್ಪು ಸಿಗುವುದಿಲ್ಲ, ಕಿವಿಗೆ ಮಾತ್ರ ಸಿಗುತ್ತದೆ. ಇದನ್ನು ನನಗೆ ಹೇಳಿಕೊಟ್ಟವರೂ ಅವರೇ.

ವರಾಂಡ ತುಂಬ ಜನ ಆಗುವವರೆಗೆ ಕಾದೆ. “ಮೇಸ್ತ್ರಿ, ಇದೊಂದು ನೋಡಿ. ನಾನೇ ಸರ್ವಿಸ್ ಮಾಡಿದೀನಿ” ಎಂದೆ.

ಅವರು ಉರುಳೆ ಚಿಮ್ಮಿದರು. ಜೀರುಂಡೆ ಕೂಗಿದ ಹಾಗೆ ಸದ್ದು ಎದ್ದಿತು. ಗೇಟಿನ ಹತ್ತಿರ ಬೀಡಿ ಸೇದುತ್ತಿದ್ದವನೂ ತಿರುಗಿ ನೋಡಿದ. ಮೇಸ್ತ್ರಿ ಅದನ್ನು ಕಪ್ಪು ಹಾಲೆಗೆ ಒತ್ತಿ, ಕಣ್ಣು ಮುಚ್ಚಿ ಎಣಿಸಿದರು. ಹನ್ನೆರಡು ದಾಟಿತು, ಹದಿನೈದು ದಾಟಿತು. ಉರುಳೆ ಕಿರುಚುತ್ತಲೇ ಇತ್ತು. ಕಣ್ಣು ಬಿಟ್ಟು ನನ್ನನ್ನು ನೋಡಿದರು. ಆ ಮುಖದಲ್ಲಿ ಅಂಥ ಪ್ರೀತಿಯನ್ನು ನಾನು ನೋಡಿರಲಿಲ್ಲ.

“ಕಲ್ತಿದೀಯ ಕಣೋ.”

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ. ಮೇಸ್ತ್ರಿ ಒಬ್ಬೊಬ್ಬರ ಬಾಯಿಯನ್ನೂ ನೋಡಿದರು. ಕೊನೆಗೆ ಕಣ್ಣು ನನ್ನ ತುಟಿಗೆ ಬಂದು ನಿಂತಿತು. ನಾನಾಗ ಸುಮ್ಮನಿರಬಹುದಿತ್ತು. ಇರಲಿಲ್ಲ. ಅವರಿಗೆ ಓದಲು ತೊಂದರೆಯಾಗದ ಹಾಗೆ, ಬಿಡಿಸಿ ಬಿಡಿಸಿ ಹೇಳಿದೆ.

“ಒಂದು ಹನಿನೂ ಹಾಕಿಲ್ಲ ಮೇಸ್ತ್ರಿ. ಕಿವಿ ಇರೋರ ಕೆಲಸ ಇದು.”

ಅವರು ಬೈಯಲಿಲ್ಲ. ನನ್ನ ರೀಲನ್ನು ಮಡಿಲಲ್ಲಿಟ್ಟುಕೊಂಡು, ಬಿಳಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರು. “ನಿಮ್ಮ ನಿಮ್ಮ ಸಾಮಾನು ತಗೊಂಡು ಹೋಗಿ” ಎಂದರು. ಅವತ್ತಿನಿಂದ ಆ ವರಾಂಡದ ಕೆಲಸ ನಿಂತೇಹೋಯಿತು.

ಬಡಗಿಯ ಪರವಾಗಿ ಹಾಗೆ ಮಾಡಿದೆ ಎಂದು ಕೆಲವು ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬಡಗಿಯ ಹೆಸರೂ ನನಗೆ ಗೊತ್ತಿರಲಿಲ್ಲ.

ತಿಂಗಳ ನಂತರ ಯಾರದೋ ಕೈಯಲ್ಲಿ ನನ್ನ ರೀಲು ವಾಪಸ್ಸು ಬಂತು. ಪೂರ್ತಿ ಬಿಚ್ಚಿ, ಪ್ರತಿ ಭಾಗವನ್ನೂ ತೊಳೆದು, ಹಳೆ ಪೇಪರಿನಲ್ಲಿ ಬೇರೆ ಬೇರೆ ಪೊಟ್ಟಣ ಕಟ್ಟಿದ್ದರು. ಎಲ್ಲ ಇತ್ತು, ಒಂದು ಬೇರಿಂಗು ಮಾತ್ರ ಇರಲಿಲ್ಲ. ಬೇಕೆಂದೇ ಇಟ್ಟುಕೊಂಡಿದ್ದಾರೆ, ಮುದುಕನ ಕೊಬ್ಬು ಇನ್ನೂ ಇಳಿದಿಲ್ಲ ಎಂದು ಬೈದುಕೊಂಡೆ.

ಈಗ ಎರಡೂ ಊರಿನವರು ರೀಲು ಹಿಡಿದು ನನ್ನ ಮನೆಗೆ ಬರುತ್ತಾರೆ. ಸೂಜಿ ಹಿಡಿಯುವುದು, ಒಂದೇ ಹನಿ ಬಿಡುವುದು, ಹನ್ನೆರಡು ಎಣಿಸುವುದು, ಎಲ್ಲ ಅವರದೇ. ನನ್ನದೆಂದು ಹೇಳಿಕೊಳ್ಳಲು ಆ ಭಾನುವಾರವೊಂದೇ ಇದೆ.

ಮೇಸ್ತ್ರಿ ತೀರಿಹೋದ ಸುದ್ದಿ ತಿಳಿದದ್ದು ಮೂರು ದಿನ ತಡವಾಗಿ. ನಾನು ಮನೆಗೆ ಹೋದಾಗ ಅವರ ಹೆಂಡತಿ ಅದೇ ವರಾಂಡದಲ್ಲಿ ಗೋಡೆಗೆ ಒರಗಿ ಕೂತಿದ್ದರು. ರೀಲು ಕಿರುಚಿದ ಆ ಭಾನುವಾರ ಅವರು ಒಳಗೆ ಅಡುಗೆಮನೆಯಲ್ಲಿದ್ದವರು. ಹೊರಗೆ ನಡೆದದ್ದು ಅವರಿಗೆ ಗೊತ್ತಿರಲಿಲ್ಲ, ಮೇಸ್ತ್ರಿ ಹೇಳಿಯೂ ಇರಲಿಲ್ಲ. ನನ್ನನ್ನು ನೋಡಿ ಪಕ್ಕದಲ್ಲಿ ಕೂರಿಸಿಕೊಂಡರು.

“ಕೆಲಸ ಬಿಟ್ಮೇಲೆ ಸರಿಯಾಗಿ ಊಟಾನೇ ಮಾಡ್ಲಿಲ್ಲಪ್ಪ. ಅದೇನೋ ಸಣ್ಣ ಉಂಗುರದಂಥದ್ದು, ದಿನಾ ಅದನ್ನೇ ಬೆರಳಲ್ಲಿ ಇಟ್ಕೊಂಡು ಕಿವಿ ಹತ್ರ ತಿರುಗಿಸ್ತಾ ಕೂತಿರೋರು. ಏನು ಕೇಳ್ಸುತ್ತೆ ಅಂದ್ರೆ, ಇನ್ನೊಂದ್ಸಲ ನೋಡ್ತೀನಿ ತಡಿಯೇ ಅನ್ನೋರು. ಹೋಗೋವಾಗ್ಲೂ ಮುಷ್ಟಿಯಲ್ಲೇ ಇತ್ತು. ಬಿಡಿಸೋಕೆ ಆಗ್ಲಿಲ್ಲ. ಹಾಗೇ ಮಣ್ಣು ಮಾಡಿದ್ರು.”

ನಾನು ಎದ್ದು ಒಳಗೆ ಹೋಗಿ ನೀರು ತಂದುಕೊಟ್ಟೆ. ಅವರು ಕುಡಿದು ಲೋಟ ಕೆಳಗಿಟ್ಟರು.

“ಅವರ ಹತ್ರ ಜಾಸ್ತಿ ಕಲ್ತೋನು ನೀನು. ಅದೇನು ಅಂತ ನಿಂಗೆ ಗೊತ್ತಿರ್ಬೇಕಲ್ವಾ?”

“ಗೊತ್ತಿಲ್ಲಮ್ಮ” ಎಂದೆ.